ಜಿಲೇಬಿ ಮೀನು: ನಿಯಮ ಬದಲಾಗೋಕೆ 50 ವರ್ಷ

ನಾನಿರೋದು ಮೈಸೂರಿನ ಯಾದವಗಿರಿಯಲ್ಲಿ. ಯುವ ರೈತರು ನನ್ನನ್ನು ಹೆಚ್ಚಾಗಿ ಕೇಳೋದು ಇದನ್ನೇ: "ಕೃಷಿ ಹೊಂಡಕ್ಕೆ ಜಿಲೇಬಿ, ಅಂದ್ರೆ ತಿಲಾಪಿಯಾ, ಬಿಡಬಹುದಾ?"

ಬಿಡಬಹುದು, ಆದರೆ ಷರತ್ತುಗಳಿವೆ. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ ಬೇಗ ಮರಿ ಮಾಡಿ ಕೆರೆ ತುಂಬಿಸ್ತು, ಗಾತ್ರ ಮಾತ್ರ ಸಣ್ಣದಾಗೇ ಉಳೀತು. ನಾಟಿ ಮೀನಿನ ಮೇವಿಗೂ ಪೈಪೋಟಿ ಬಂತು. 1959ರಲ್ಲಿ ಸಾಕಣೆಗೆ ತಡೆ ಬಿತ್ತು.

1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನೈಲ್ ತಿಲಾಪಿಯಾದಿಂದ 'ಗಿಫ್ಟ್' ತಳಿ ಬೆಳೆಸುವ ಕೆಲಸ ಶುರುವಾಯ್ತು. ಬರೀ ಗಂಡು ಮರಿ ಸಾಕಿದರೆ ಸಂತಾನ ಹೆಚ್ಚಲ್ಲ, ತೂಕ ಬೇಗ ಬರುತ್ತೆ. ಈ ತಿಳಿವಳಿಕೆ ಬಂದಮೇಲೆ, 2009ರಲ್ಲಿ ನಮ್ಮಲ್ಲಿ ಷರತ್ತಿನ ಅನುಮತಿ ಸಿಕ್ಕಿತು.

ಹೊಸ ಮಾಹಿತಿ ಬಂದಾಗ ನಿಯಮವನ್ನು ಮತ್ತೆ ನೋಡಬೇಕು, ಅದೂ ಬೇಗ. ಸಡಿಲಿಸೋಕೂ, ಬಿಗಿ ಮಾಡೋಕೂ. ಆ ಮಾಹಿತಿ ನಿಮ್ಮ ಹೊಂಡದಿಂದಲೂ ಹೋಗಬೇಕು.

ಹೀಗೆ ಮಾಡಿ:
1. ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಮಾಡಿಸಿ.
2. ಅನುಮತಿ ಪಡೆದ ಕೇಂದ್ರದಿಂದಲೇ ಗಂಡು ಮರಿ ತನ್ನಿ.
3. ನೀರು ಹೊರಹೋಗುವ ಕಡೆ ಸಣ್ಣ ಕಣ್ಣಿನ ಜಾಲರಿ ಹಾಕಿ.
4. ಪ್ರತಿ ತಿಂಗಳ ತೂಕ, ಸತ್ತ ಮೀನಿನ ಲೆಕ್ಕ ಫೋನಲ್ಲಿ ಬರೆದಿಡಿ.
5. ಹೊಂಡದಲ್ಲಿ ಹೊಸ ಮರಿ ಕಂಡರೆ, ಪಕ್ಕದ ಕೆರೆಗೆ ಮೀನು ತಪ್ಪಿಸಿಕೊಂಡರೆ, ಮುಚ್ಚಿಡದೆ ಇಲಾಖೆಗೆ ತಿಳಿಸಿ.

ಕೆರೆಗೆ ಸೇರಿದ ತಿಲಾಪಿಯಾವನ್ನು ವಾಪಸ್ ತೆಗೆಯೋದು ತುಂಬಾ ಕಷ್ಟ.