ತಾಯಿಯಿಂದ ಕೂಸಿಗೆ ದಾಟದಂತೆ: ತವರಿಗೆ ಹೋಗುವ ಬಸುರಿಯರ ವಿಷಯವಾದ ಪಾಠ



ಭಟ್ಕಳ, ಹೊನ್ನಾವರ, ಕುಮಟೆ ಎಂಬ ಈ ಮೂರು ತಾಲೂಕುಗಳ ಮನೆಗಳಲ್ಲಿ ಒಂದು ಹಳೇ ವಾಡಿಕೆ ಉಂಟು. ಮಗಳ ಚೊಚ್ಚಲ ಹೆರಿಗೆಯು ತವರಿನಲ್ಲಿಯೇ ಆಗಬೇಕು. ಏಳನೇ ತಿಂಗಳು ಬಂತೆಂದರೆ ತಾಯಿಯ ಮನೆಯವರು ಬಂದು ಅವಳನ್ನು ಕರಕೊಂಡು ಹೋಗುವರು. ಬಾಣಂತನ ಮುಗಿದ ಮೇಲೆ ಕೂಸಿನ ಸಂಗಡ ತಿರಿಗಿ ಗಂಡನ ಮನೆಗೆ ಮುಟ್ಟಿಸುವರು. ಈ ವಾಡಿಕೆಯನ್ನು ನಾವು ತೆಗಳುವುದಿಲ್ಲ. ನೋವಿನ ಕಾಲದಲ್ಲಿ ಹೆತ್ತ ತಾಯಿಯ ಕೈ ಹತ್ತಿರವಿರುವುದು ದೊಡ್ಡ ಆದರಣೆ. ಆದರೆ ಎಚ್.ಐ.ವಿ. ಎಂಬ ರೋಗಾಣುವು ರಕ್ತದಲ್ಲಿರುವ ಬಸುರಿಗೆ ಈ ಪ್ರಯಾಣವೇ ಬಹು ಎಚ್ಚರಿಕೆಯ ಕಾಲವಾಗಿದೆ. ಅದು ಯಾಕೆಂಬದನ್ನೂ, ಅವಳ ಕೂಸನ್ನು ಹೇಗೆ ಕಾಪಾಡಬಹುದೆಂಬದನ್ನೂ ಈ ಪಾಠದಲ್ಲಿ ವಿಚಾರಿಸೋಣ.

1. ರೋಗಾಣುವು ಕೂಸಿಗೆ ದಾಟುವ ಮೂರು ಹೊತ್ತುಗಳು

ಈ ರೋಗಾಣುವು ತಾಯಿಯಿಂದ ಕೂಸಿಗೆ ಮೂರು ಹೊತ್ತುಗಳಲ್ಲಿ ದಾಟಬಹುದು. ಒಂದನೇದು, ಕೂಸು ಗರ್ಭದಲ್ಲಿರುವಾಗ. ಎರಡನೇದು, ಹೆರಿಗೆಯ ಹೊತ್ತಿನಲ್ಲಿ. ಮೂರನೇದು, ಮೊಲೆಹಾಲು ಕುಡಿಯುವ ತಿಂಗಳುಗಳಲ್ಲಿ.

ಇಂಥ ತಾಯಿಯ ಕೂಸು ರೋಗದಿಂದ ತಪ್ಪಿಸಿಕೊಳ್ಳಲಾರದೆಂದು ಅನೇಕರು ನಂಬುತ್ತಾರೆ. ಅದು ಸುಳ್ಳು. ಯಾವ ಔಷಧವನ್ನೂ ತಕ್ಕೊಳ್ಳದಿದ್ದರೂ ಇಂಥ 100 ಕೂಸುಗಳಲ್ಲಿ 15ರಿಂದ 45ಕ್ಕೆ ಮಾತ್ರವೇ ರೋಗಾಣು ತಗಲುತ್ತದೆ. ಔಷಧವನ್ನು ಕ್ರಮವಾಗಿ ತಕ್ಕೊಂಡರೆ, ಮೊಲೆಹಾಲು ಕುಡಿಸಿದರೂ ಆ ಲೆಕ್ಕವು 5ಕ್ಕಿಂತ ಕೆಳಗೆ ಇಳಿಯುತ್ತದೆ. ಆದದರಿಂದ ಇಲ್ಲಿ ಪ್ರಶ್ನೆಯು ಹಣೆಬರಹದ್ದಲ್ಲ. ಮಾತ್ರೆ ಪ್ರತಿದಿನ ಬಾಯಿಗೆ ಸೇರಿತೋ ಇಲ್ಲವೋ ಎಂಬದೇ ಪ್ರಶ್ನೆ.

2. ಈ ಔಷಧವು ನಮ್ಮ ತನಕ ಬಂದ ದಾರಿ

ನಮ್ಮ ದೇಶದಲ್ಲಿ ಈ ರೋಗಾಣುವನ್ನು ಮೊದಲು ಕಂಡುಹಿಡಿದದ್ದು 1986ರಲ್ಲಿ, ಚೆನ್ನೈಯಲ್ಲಿ. ಡಾಕ್ಟರ್ ಸುನೀತಿ ಸೊಲೊಮನ್ ಎಂಬವರೂ ಅವರ ಶಿಷ್ಯೆ ನಿರ್ಮಲಾ ಎಂಬವರೂ ಆ ಕೆಲಸವನ್ನು ಮಾಡಿದರು. ಆಗ ತಾಯಿಗೂ ಕೂಸಿಗೂ ಕೊಡುವದಕ್ಕೆ ಏನೂ ಇರಲಿಲ್ಲ. 1994ರಲ್ಲಿ ಜಿಡೊವುಡಿನ್ ಎಂಬ ಔಷಧದಿಂದ ಕೂಸಿನ ಅಪಾಯವು ಮೂರರಲ್ಲಿ ಎರಡು ಪಾಲು ಕಡಿಮೆಯಾಗುವದೆಂದು ಅಮೆರಿಕ ಮತ್ತು ಫ್ರಾನ್ಸ್ ದೇಶಗಳ ವೈದ್ಯರು ತೋರಿಸಿಕೊಟ್ಟರು. ಆದರೆ ಅದು ಬಡ ದೇಶಗಳ ಕೈಗೆ ಎಟುಕದ ಬೆಲೆಯದಾಗಿತ್ತು. 1999ರಲ್ಲಿ ಆಫ್ರಿಕ ಖಂಡದ ಉಗಾಂಡ ದೇಶದಿಂದ ಬೇರೊಂದು ಸುದ್ದಿ ಬಂತು: ಹೆರಿಗೆ ನೋವು ಹತ್ತಿದಾಗ ತಾಯಿಗೆ ನೆವಿರಪಿನ್ ಎಂಬ ಒಂದು ಮಾತ್ರೆ, ಹುಟ್ಟಿದ ಕೂಸಿಗೆ ಅದರದೇ ಕೆಲವು ಹನಿ, ಇಷ್ಟರಿಂದಲೇ ಅಪಾಯವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಆ ಖಂಡದ ದಕ್ಷಿಣದ ದೇಶಗಳು ಈ ರೋಗದಿಂದ ಅಧಿಕವಾಗಿ ಕಷ್ಟಪಟ್ಟವು. ದಕ್ಷಿಣ ಆಫ್ರಿಕದಲ್ಲಿ ಸರಕಾರವು ಈ ಔಷಧವನ್ನು ಕೆಲವೇ ಆಸ್ಪತ್ರೆಗಳಲ್ಲಿ ಕೊಡುತ್ತಿತ್ತು. ಜನರು ನ್ಯಾಯಾಲಯಕ್ಕೆ ಹೋದರು. 2002ನೇ ಜುಲೈಯಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು ಸರಕಾರಿ ಆಸ್ಪತ್ರೆಗಳಲ್ಲೆಲ್ಲಾ ಅದು ಸಿಗುವಂತೆ ಮಾಡಬೇಕೆಂದು ಆಜ್ಞಾಪಿಸಿತು. ಬೋಟ್ಸ್ವಾನ ಎಂಬ ನೆರೆಯ ದೇಶದಲ್ಲಿ ಒಂದು ಕಾಲಕ್ಕೆ ಬಸುರಿಯರಲ್ಲಿ ಮೂವರಿಗೆ ಒಬ್ಬಳಂತೆ ಈ ರೋಗಾಣುವಿತ್ತು. ಅಲ್ಲಿ 1999ರಿಂದ ಬಸುರಿಯರಿಗೆ ಪರೀಕ್ಷೆಯನ್ನೂ ಔಷಧವನ್ನೂ ಕೊಡುತ್ತಾ ಬಂದದರಿಂದ, ಕೂಸುಗಳಿಗೆ ರೋಗ ದಾಟುವುದು ಎಷ್ಟೋ ಕಡಿಮೆಯಾಗಿ, 2021ರಲ್ಲಿ ಲೋಕದ ಆರೋಗ್ಯ ಸಂಸ್ಥೆಯು ಅದನ್ನು ಮೆಚ್ಚಿ ಗುರುತಿಸಿತು. ನಮಗೆ ಸಮೀಪವಾದ ಶ್ರೀಲಂಕೆಯು 2019ರಲ್ಲಿ ಇನ್ನೂ ಮುಂದೆ ಹೋಗಿ, ಈ ದಾರಿಯಿಂದ ರೋಗ ದಾಟುವುದನ್ನು ನಿಲ್ಲಿಸಿದ ದೇಶವೆಂದು ಹೆಸರು ಪಡೆಯಿತು.

ನಮ್ಮಲ್ಲಿಯೂ ಈ ಕೆಲಸವು 2002ರಲ್ಲಿಯೇ ಆರಂಭವಾಯಿತು. ಕರ್ನಾಟಕವು ಆಗ ಈ ರೋಗವು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಒಂದಾಗಿತ್ತು. ಮೊದಲು ಕೊಟ್ಟದ್ದು ಮೇಲೆ ಹೇಳಿದ ಒಂದೇ ಮಾತ್ರೆ. 2012ರಲ್ಲಿ ಕರ್ನಾಟಕ, ಆಂಧ್ರ, ತಮಿಳುನಾಡುಗಳಲ್ಲಿ ಹಲವು ಔಷಧಗಳನ್ನು ಕೂಡಿಸಿ ಕೊಡತೊಡಗಿದರು. 2014ರಿಂದ ದೇಶದಲ್ಲೆಲ್ಲಾ, ರೋಗಾಣುವಿರುವ ಪ್ರತಿ ಬಸುರಿಗೂ ಆ ದಿನದಿಂದಲೇ ಜೀವಮಾನವೆಲ್ಲಾ ಔಷಧ ಕೊಡುವುದೆಂದು ನಿಶ್ಚಯವಾಯಿತು. ಈಗ ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಎಂಬ ಮೂರು ಔಷಧಗಳು ಒಂದೇ ಮಾತ್ರೆಯಲ್ಲಿ ಸೇರಿವೆ. ದಿನಕ್ಕೆ ಒಂದು ಮಾತ್ರೆ. ಸರಕಾರಿ ಚಿಕಿತ್ಸಾ ಕೇಂದ್ರದಲ್ಲಿ ಅದಕ್ಕೆ ಕ್ರಯವಿಲ್ಲ.

3. ಮೊದಲು ರಕ್ತಪರೀಕ್ಷೆ

ರೋಗಾಣುವಿರುವ ಹೆಂಗಸು ಅನೇಕ ವರ್ಷ ಆರೋಗ್ಯವಂತೆಯಂತೆಯೇ ಕಾಣುವಳು. ಮುಖ ನೋಡಿ ತಿಳಿಯಲಾಗದು. ಆದದರಿಂದ ಪ್ರತಿ ಬಸುರಿಯೂ ಮೊದಲ ಮೂರು ತಿಂಗಳೊಳಗೆ ತಾಯಿ ಕಾರ್ಡು ಮಾಡಿಸುವಾಗಲೇ ಈ ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ಉತ್ತಮ. ಆಶಾ ಕಾರ್ಯಕರ್ತೆಯರು ದಾರಿ ತೋರಿಸುವರು. ತಾಲೂಕಾ ಆಸ್ಪತ್ರೆಯಲ್ಲಿ ಪರೀಕ್ಷೆಗೆ ಮುಂಚೆಯೂ ಅನಂತರವೂ ಏಕಾಂತದಲ್ಲಿ ಮಾತಾಡಿ ತಿಳಿಸುವ ಸಮಾಲೋಚಕರಿರುವರು. ಸಿಫಿಲಿಸ್ ರೋಗದ ಪರೀಕ್ಷೆಯನ್ನೂ ಇದರ ಸಂಗಡ ಮಾಡುವರು, ಯಾಕಂದರೆ ಅದು ಸಹ ಕೂಸಿಗೆ ದಾಟುವ ರೋಗವೇ. ಪರೀಕ್ಷೆಯಿಲ್ಲದೆ ನೋವು ಹತ್ತಿ ಬಂದವಳಿಗೆ ಹೆರಿಗೆಯ ಕೋಣೆಯಲ್ಲಿಯೇ ಪರೀಕ್ಷೆ ಮಾಡಿ ಔಷಧವನ್ನು ತೊಡಗಬಹುದು. ತಡವಾಯಿತೆಂದು ಯಾರೂ ಹಿಂಜರಿಯಬಾರದು.

ಗಂಡನೂ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ನಮ್ಮ ಕರಾವಳಿಯ ಗಂಡಸರು ಮೀನುಗಾರಿಕೆಗೂ ಕೂಲಿಗೂ ದೂರದ ಬಂದರುಗಳಿಗೂ ಪಟ್ಟಣಗಳಿಗೂ ಹೋಗಿ ತಿಂಗಳುಗಟ್ಟಲೆ ಮನೆಬಿಟ್ಟಿರುವರು. ಹೆಂಡತಿಯ ರಕ್ತವು ಮೊದಲು ಶುದ್ಧವೆಂದು ಕಂಡರೂ, ಬಸುರಿನಲ್ಲಿ ಇಲ್ಲವೆ ಹಾಲೂಡಿಸುವ ಕಾಲದಲ್ಲಿ ಹೊಸದಾಗಿ ರೋಗಾಣು ತಗಲಿದರೆ ಕೂಸಿಗೆ ಅಪಾಯವು ಅಧಿಕ. ಬಸುರಿಗೆ ಮೊದಲು ಪರೀಕ್ಷೆಯಾಗುವದರಿಂದ ಮನೆಯಲ್ಲಿ ಮೊದಲು ತಿಳಿದುಬರುವುದು ಅವಳದೇ; ಅಷ್ಟರಿಂದ ರೋಗವನ್ನು ತಂದವಳು ಅವಳೇ ಎಂದು ದೂರುವುದು ನ್ಯಾಯವಲ್ಲ. ಇದನ್ನು ಬರೆಯುವ ನಾವೂ ಮನೆಮನೆಗೆ ಹೋಗುವವರು. ಇಂಥ ಸಂಗತಿ ಕೇಳಿದಾಗ ಯಾರಿಂದ ಬಂತೆಂಬ ಪ್ರಶ್ನೆಯು ನಮ್ಮ ನಾಲಿಗೆಗೂ ಮೊದಲು ಬಂದದ್ದುಂಟು. ಮಾತ್ರೆ ತಕ್ಕೊಳ್ಳುತ್ತಿದ್ದಾಳೋ ಎಂಬದನ್ನು ಮೊದಲು ವಿಚಾರಿಸಬೇಕಾಗಿತ್ತು.

4. ತವರಿನ ದಾರಿಯಲ್ಲಿ ಮಾತ್ರೆ ನಿಲ್ಲುವುದು

ಒಂದು ದೃಷ್ಟಾಂತವನ್ನು ಹೇಳುವೆವು; ಇದು ಯಾರ ಮನೆಯ ಮಾತೂ ಅಲ್ಲ. ಕುಮಟೆಯ ಸಮೀಪದಲ್ಲಿ ಅಘನಾಶಿನಿಯ ತೀರದ ಒಬ್ಬಳನ್ನು ಭಟ್ಕಳಕ್ಕೆ ಮದುವೆ ಮಾಡಿಕೊಟ್ಟಿರುವರೆಂದು ಎಣಿಸೋಣ. ಬಸುರಾದಾಗ ಪರೀಕ್ಷೆಯಲ್ಲಿ ರೋಗಾಣು ಕಂಡುಬಂತು. ಗಂಡನಿಗೂ ಅವಳಿಗೂ ಹೊರತು ಬೇರೆ ಯಾರಿಗೂ ತಿಳಿಯದು. ಮಾತ್ರೆಯ ಡಬ್ಬಿಯನ್ನು ಅಕ್ಕಿಯ ಡಬ್ಬದ ಹಿಂದೆ ಇಟ್ಟು ರಾತ್ರಿ ಊಟವಾದ ಮೇಲೆ ದಿನಾಲು ನುಂಗುತ್ತಿದ್ದಾಳೆ. ಏಳನೇ ತಿಂಗಳಲ್ಲಿ ಅಣ್ಣನು ಬಂದು ಕರೆಯುತ್ತಾನೆ. ಶರಾವತಿಯ ಸೇತುವೆ ದಾಟಿ ಸುಮಾರು 60 ಕಿಲೋಮೀಟರ್ ಹೋದರೆ ತವರು. ಅಲ್ಲಿ ಒಂದೇ ಕೋಣೆಯಲ್ಲಿ ತಾಯಿ, ಅತ್ತಿಗೆ, ತಂಗಿಯರು. ತಾಯಿಯು ಗಂಟುಬಿಚ್ಚಿ ಬಟ್ಟೆ ಮಡಚುವಳು. “ಇದೆಂಥ ಮಾತ್ರೆ, ಮಗಳೇ?” ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿ, ಅವಳು ಡಬ್ಬಿಯನ್ನು ಗಂಡನ ಮನೆಯಲ್ಲಿಯೇ ಬಿಟ್ಟು ಹೋಗುತ್ತಾಳೆ.

ಮಾತ್ರೆಯು ರಕ್ತದಲ್ಲಿರುವ ರೋಗಾಣುಗಳ ಲೆಕ್ಕವನ್ನು ಅಡಗಿಸಿ ಇಟ್ಟಿರುವದೇ ಹೊರತು ಪೂರ್ಣವಾಗಿ ಅಳಿಸಿರುವುದಿಲ್ಲ. ಅದನ್ನು ನಿಲ್ಲಿಸಿದರೆ ಕೆಲವು ವಾರಗಳಲ್ಲಿಯೇ ಅವು ತಿರಿಗಿ ಹೆಚ್ಚುತ್ತವೆ. ಹೆರಿಗೆಯೂ ಮೊದಲ ಹಾಲೂಡಿಕೆಯೂ ಆ ವಾರಗಳಲ್ಲಿಯೇ ಬರುವವು. ಅಂದರೆ ತಾಯಿಗೆ ಮಾತ್ರೆಯು ಎಲ್ಲಕ್ಕಿಂತ ಬೇಕಾದ ಹೊತ್ತಿನಲ್ಲಿಯೇ ಅದು ಇಲ್ಲದೆ ಹೋಯಿತು.

ಇದನ್ನು ತಪ್ಪಿಸುವ ದಾರಿ ಹೀಗೆ. ಊರು ಬಿಡುವ ಮುಂಚೆ ಚಿಕಿತ್ಸಾ ಕೇಂದ್ರಕ್ಕೆ ಹೋಗಿ, ಹೆರಿಗೆಗೆ ಇಂಥ ಊರಿಗೆ ಹೋಗುತ್ತೇನೆಂದು ತಿಳಿಸತಕ್ಕದ್ದು. ತವರಿಗೆ ಹತ್ತಿರವಾದ ಕೇಂದ್ರದಲ್ಲಿ ಔಷಧವು ಸಿಗುವ ಏರ್ಪಾಡನ್ನು ಅವರು ಮಾಡುವರು. ಚಿಕಿತ್ಸೆಯ ಪುಸ್ತಕವನ್ನೂ ಮಾತ್ರೆಯನ್ನೂ ಸಂಗಡ ಒಯ್ಯಬೇಕು. ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಮತ್ತು ಕ್ಯಾಲ್ಶಿಯಂ ಮಾತ್ರೆಗಳನ್ನು ಯಾವ ಹೊತ್ತಿಗೆ ನುಂಗಬೇಕೆಂದು ಅಲ್ಲಿಯೇ ಕೇಳಿಕೊಳ್ಳಬೇಕು, ಯಾಕಂದರೆ ಅವುಗಳನ್ನು ಖಾಲಿ ಹೊಟ್ಟೆಯಲ್ಲಿ ಇದರ ಸಂಗಡ ನುಂಗಿದರೆ ಡೊಲುಟೆಗ್ರಾವಿರ್ ರಕ್ತಕ್ಕೆ ಸರಿಯಾಗಿ ಸೇರದು. ತವರಿನಲ್ಲಿ ನಂಬತಕ್ಕವಳು ಒಬ್ಬಳಾದರೂ ಈ ಸಂಗತಿಯನ್ನು ತಿಳಿದಿರುವುದು ಒಳ್ಳೇದು; ಆದರೆ ಯಾರಿಗೆ ತಿಳಿಸಬೇಕೆಂಬದನ್ನು ಆ ಬಸುರಿಯೇ ನಿಶ್ಚಯಿಸಬೇಕು. ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗತಕ್ಕದ್ದು. ಈ ರೋಗಾಣುವಿನ ನಿಮಿತ್ತವಾಗಿಯೇ ಹೊಟ್ಟೆ ಕೊಯ್ದು ತೆಗೆಯಬೇಕೆಂಬದಿಲ್ಲ.

5. ಕೂಸಿನ ಬಾಯಿಗೆ ಮೊದಲು ಏನು ಕೊಡಬೇಕು

ಹುಟ್ಟಿದ ಕೂಸಿಗೆ ಆದಷ್ಟು ಬೇಗನೆ ನೆವಿರಪಿನ್ ಔಷಧವನ್ನು ತೊಡಗಿ, ಕಡಿಮೆಯೆಂದರೆ ಆರು ವಾರ ದಿನಾಲು ಕೊಡುವರು. ಅಪಾಯ ಹೆಚ್ಚೆಂದು ಕಂಡರೆ ವೈದ್ಯರು ಮತ್ತೊಂದು ಔಷಧವನ್ನು ಕೂಡಿಸುವರು, ದಿನಗಳನ್ನೂ ಹೆಚ್ಚಿಸುವರು. ಇದು ಬಾಣಂತನದ ಕಾಲದಲ್ಲಿ, ಅಜ್ಜಿಯ ಕಣ್ಣೆದುರಿನಲ್ಲಿಯೇ ನಡೆಯತಕ್ಕ ಕೆಲಸ.

ಇಲ್ಲಿ ಅಜ್ಜಿಯಂದಿರಿಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವರು, ಬಜೆ ತೇಯ್ದು ಕೊಡುವರು, ಹಾಲು ಸಾಲದೆಂದು ಹಸುವಿನ ಹಾಲಿಗೆ ನೀರು ಬೆರಸಿ ಕುಡಿಸುವರು. ಪ್ರೀತಿಯಿಂದ ಮಾಡುವುದು ನಿಜ. ಆದರೆ ದಕ್ಷಿಣ ಆಫ್ರಿಕದ ಡರ್ಬನ್ ಪಟ್ಟಣದಲ್ಲಿ, ತಾಯಂದಿರಿಗೆ ಈಗಿನಂಥ ಔಷಧವಿಲ್ಲದಿದ್ದ ಕಾಲದಲ್ಲಿ, ವೈದ್ಯರು ವಿಚಾರಿಸಿ 1999ರಲ್ಲಿ ಪ್ರಕಟಿಸಿದ್ದೇನಂದರೆ: ಬರೀ ಮೊಲೆಹಾಲು ಕುಡಿದ ಕೂಸುಗಳಿಗಿಂತ, ಮೊಲೆಹಾಲಿನ ಸಂಗಡ ಬೇರೆ ಹಾಲು, ನೀರು, ಆಹಾರಗಳನ್ನು ಪಡೆದ ಕೂಸುಗಳಿಗೆ ರೋಗಾಣು ಹೆಚ್ಚಾಗಿ ದಾಟಿತು. ಎಳೇ ಕರುಳಿನ ಒಳಪದರವು ಬಹು ಕೋಮಲವಾದದ್ದು; ಹೊರಗಿನ ಪದಾರ್ಥಗಳು ಅದನ್ನು ಕೆರಳಿಸಿದರೆ ರೋಗಾಣುವಿಗೆ ಬಾಗಲು ತೆರೆದ ಹಾಗಾಗುತ್ತದೆಂದು ಎಣಿಸುತ್ತಾರೆ. ಆದದರಿಂದ ತಾಯಿಯು ಮಾತ್ರೆಯನ್ನು ತಪ್ಪದೆ ತಕ್ಕೊಳ್ಳುತ್ತಾ ಮೊದಲ ಆರು ತಿಂಗಳು ಬರೀ ಮೊಲೆಹಾಲನ್ನೇ ಕೊಡಲಿ. ವೈದ್ಯರು ಬರೆದ ಔಷಧವಲ್ಲದೆ ಒಂದು ಚಮಚ ನೀರೂ ಬೇಡ. ಆರು ತಿಂಗಳಾದ ಮೇಲೆ ಮೆತ್ತಗಿನ ಆಹಾರವನ್ನು ಸೇರಿಸಬಹುದು.

ಕೂಸನ್ನು ಎತ್ತುವುದರಿಂದ, ಎಣ್ಣೆ ಹಚ್ಚಿ ಮೀಯಿಸುವುದರಿಂದ, ಬಾಣಂತಿಯ ಸಂಗಡ ಉಣ್ಣುವುದರಿಂದ ಈ ರೋಗಾಣು ಯಾರಿಗೂ ದಾಟದು. ಅವಳಿಗೆ ಬೇರೆ ತಾಟು, ಬೇರೆ ಚಾಪೆ ಬೇಕಿಲ್ಲ.

6. ಕೂಸಿಗೆ ಇಲ್ಲವೆಂದು ಯಾವಾಗ ಹೇಳಬಹುದು

ಆರು ವಾರವಾದಾಗ ಕೂಸಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ಒಂದು ಕಾಗದದ ಮೇಲೆ ಹಾಕಿ ಒಣಗಿಸಿ ಪರೀಕ್ಷೆಗೆ ಕಳುಹಿಸುವರು. ದೊಡ್ಡವರಿಗೆ ಮಾಡುವ ಪರೀಕ್ಷೆಯು ಇಲ್ಲಿ ಸಾಲದು, ಯಾಕಂದರೆ ಅದು ರೋಗಾಣುವನ್ನಲ್ಲ, ಅದಕ್ಕೆ ಎದುರಾಗಿ ಶರೀರವು ಹುಟ್ಟಿಸಿದ ಪ್ರತಿಕಾಯಗಳನ್ನು ತೋರಿಸುತ್ತದೆ. ತಾಯಿಯಿಂದ ಬಂದ ಪ್ರತಿಕಾಯಗಳು ರೋಗವಿಲ್ಲದ ಕೂಸಿನಲ್ಲಿಯೂ 18 ತಿಂಗಳ ತನಕ ಇರಬಹುದು. ಆರನೇ ವಾರದಿಂದಲೇ ಬೇರೆ ರೋಗಗಳನ್ನು ತಡೆಯುವ ಕೊಟ್ರಿಮೊಕ್ಸಜೋಲ್ ಔಷಧವನ್ನೂ ಕೊಡುವರು. ನಡುವೆ ಮತ್ತೆ ಪರೀಕ್ಷೆಗಳಿರುವವು. 18 ತಿಂಗಳಿಗೆ ಮಾಡುವ ಪರೀಕ್ಷೆಯೇ ಕಡೇ ಮಾತು. ಅಷ್ಟರಲ್ಲಿ ತಾಯಿಯು ತವರಿನಿಂದ ಗಂಡನ ಮನೆಗೆ ಬಂದಿರುವಳು. ಆದದರಿಂದ ಬರುವಾಗಲೂ ಕಾಗದಪತ್ರಗಳು ಕೂಸಿನ ಸಂಗಡವೇ ಬರಬೇಕು. ಅವು ತವರಿನ ಪೆಟ್ಟಿಗೆಯಲ್ಲಿ ಉಳಿಯಬಾರದು.

7. ನಾಲಿಗೆಯನ್ನು ಕಾಯುವುದು

ದೃಷ್ಟಾಂತದ ಹೆಂಗಸಿನ ಮಾತ್ರೆ ನಿಂತದ್ದು ಯಾಕೆ? ಆಸ್ಪತ್ರೆ ಇರಲಿಲ್ಲವೆಂದಲ್ಲ, ಹಣ ಇರಲಿಲ್ಲವೆಂದೂ ಅಲ್ಲ. ಕೇಳಿದವರು ಏನನ್ನುವರೋ ಎಂಬ ಹೆದರಿಕೆಯಿಂದಲೇ. ಆ ಹೆದರಿಕೆಯನ್ನು ಅವಳಲ್ಲಿ ಹುಟ್ಟಿಸಿದವರು ನೆರೆಹೊರೆಯ ನಾವೇ. 2017ರಲ್ಲಿ ಮಾಡಲ್ಪಟ್ಟು 2018ನೇ ಸೆಪ್ಟೆಂಬರ್ 10ರಿಂದ ನಡೆಯುತ್ತಿರುವ ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಒಬ್ಬರ ಸಂಗತಿಯನ್ನು ಒಪ್ಪಿಗೆಯಿಲ್ಲದೆ ಹೊರಪಡಿಸಬಾರದು, ಈ ರೋಗಾಣುವಿನ ನಿಮಿತ್ತ ಯಾರನ್ನೂ ಚಿಕಿತ್ಸೆಯಿಂದಾಗಲಿ ಕೆಲಸದಿಂದಾಗಲಿ ಶಾಲೆಯಿಂದಾಗಲಿ ತಳ್ಳಬಾರದು. ಹೆಸರು ಹೇಳದೆ ಕೇಳಿ ತಿಳಿಯಬೇಕೆಂದಿರುವವರಿಗೆ 1097 ಎಂಬ ಟೆಲಿಫೋನ್ ಸಂಖ್ಯೆಯುಂಟು, ಅದಕ್ಕೆ ಖರ್ಚಿಲ್ಲ.

ಕಾನೂನು ಬಾಗಲಿನ ತನಕ ಬರಬಲ್ಲದು, ಅಡಿಗೆಮನೆಯೊಳಗೆ ಬರಲಾರದು. ಅಲ್ಲಿ ತಾಯಿಯೇ ಕೆಲಸ ಮಾಡಬೇಕು. ಗಂಟಿನಲ್ಲಿ ಡಬ್ಬಿ ಕಂಡಾಗ ತಾಯಿಯು ಏನೂ ಕೇಳದೆ, “ಹೊತ್ತಾಯಿತು, ನಿನ್ನ ಮಾತ್ರೆ ತಕ್ಕೋ ಮಗಳೇ” ಎಂದು ನೀರು ಕೊಟ್ಟರೆ, ಆ ಒಂದು ಲೋಟ ನೀರಿನಿಂದ ಮೊಮ್ಮಗುವಿನ ಪ್ರಾಣ ಉಳಿಯಬಹುದು.

ಕೂಡಿ ಓದುವವರಿಗೆ ಪ್ರಶ್ನೆಗಳು

1. ರೋಗಾಣುವು ತಾಯಿಯಿಂದ ಕೂಸಿಗೆ ಯಾವ ಮೂರು ಹೊತ್ತುಗಳಲ್ಲಿ ದಾಟಬಹುದು?
2. ಗಂಡನು ಸಹ ಯಾಕೆ ಪರೀಕ್ಷೆ ಮಾಡಿಸಿಕೊಳ್ಳಬೇಕು?
3. ತವರಿಗೆ ಹೋಗುವ ಮುಂಚೆ ಬಸುರಿಯು ಏನೇನು ಮಾಡತಕ್ಕದ್ದು?
4. ಜೇನು, ಬಜೆ, ಹಸುವಿನ ಹಾಲು ಕೂಸಿಗೆ ಯಾಕೆ ಬೇಡ?
5. 18 ತಿಂಗಳ ತನಕ ಯಾಕೆ ಕಾಯಬೇಕು?
6. ನಿಮ್ಮ ಊರಿನ ಒಬ್ಬ ಬಸುರಿಯು ಹೆದರಿಕೆಯಿಲ್ಲದೆ ಮಾತ್ರೆ ತಕ್ಕೊಳ್ಳುವಂತೆ ನೀವು ಯಾವ ಮಾತನ್ನು ಬಿಡಬೇಕು, ಯಾವ ಕೆಲಸವನ್ನು ಮಾಡಬೇಕು?