ಅಶ್ವಶಕ್ತಿ ‘ಶಕ್ತಿ’ಯಲ್ಲ: ಹಳೆಯ ಕಾರಿನ ಮೂಲಕ ‘ಸಾಮರ್ಥ್ಯ’ದ ಪಾಠ

ತರಗತಿ: 9. ವಿಷಯ: ವಿಜ್ಞಾನ. ಘಟಕ: ಕೆಲಸ ಮತ್ತು ಶಕ್ತಿ. ಉಪಘಟಕ: ಸಾಮರ್ಥ್ಯ. ಅವಧಿ: 40 ನಿಮಿಷಗಳ ಎರಡು ಪಾಠ.

ಪೀಠಿಕೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಮಕ್ಕಳಿಗೆ ‘ಎಚ್‌ಪಿ’ ಹೊಸ ಪದವಲ್ಲ. ಹೊಲದ ಪಂಪ್‌ಸೆಟ್ 5 ಎಚ್‌ಪಿಯೋ 7.5 ಎಚ್‌ಪಿಯೋ ಎಂಬುದು ಮನೆಯಲ್ಲಿ ದಿನವೂ ಬರುವ ಮಾತು. ಉಚಿತ ವಿದ್ಯುತ್ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಎಂಬುದೂ ಅವರಿಗೆ ಗೊತ್ತು. ಆದರೆ ಎಚ್‌ಪಿ ಎಂದರೇನು ಎಂದು ಕೇಳಿದರೆ, “ಗಾಡಿ ಎಷ್ಟು ಜಗ್ಗತೈತಿ ಅನ್ನೋದ್ರಿ ಸರ್” ಎಂಬಂಥ ಉತ್ತರ ಬರುತ್ತದೆ. ಅದು ಬಲದ ಮಾತೇ ಹೊರತು ಸಾಮರ್ಥ್ಯದ ಮಾತಲ್ಲ.

ಈ ಗೊಂದಲಕ್ಕೆ ನಮ್ಮ ಪದಗಳೂ ಕಾರಣ. ಪಠ್ಯಪುಸ್ತಕದಲ್ಲಿ ‘ಶಕ್ತಿ’ಯನ್ನು ಜೂಲ್‌ನಲ್ಲಿ, ‘ಸಾಮರ್ಥ್ಯ’ವನ್ನು ವ್ಯಾಟ್‌ನಲ್ಲಿ ಅಳೆಯುತ್ತೇವೆ. ‘ಅಶ್ವಶಕ್ತಿ’ಯ ಹೆಸರಿನಲ್ಲಿ ಶಕ್ತಿ ಇದ್ದರೂ ಅದು ಸಾಮರ್ಥ್ಯದ ಮಾನ. ಎಂಜಿನ್ನಿನ ‘ಘನ ಸಾಮರ್ಥ್ಯ’ (ಸಿಸಿ) ಎಂಬುದರಲ್ಲಿ ಸಾಮರ್ಥ್ಯ ಇದ್ದರೂ ಅದು ಸಿಲಿಂಡರಿನ ಗಾತ್ರದ ಅಳತೆ. ಪ್ರಶಿಕ್ಷಣಾರ್ಥಿಯು ಈ ಮೂರನ್ನು ಮೊದಲೇ ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆಯದಿದ್ದರೆ ಮುಂದಿನ ಲೆಕ್ಕಗಳೆಲ್ಲ ಬಾಯಿಪಾಠವಾಗುತ್ತವೆ.

ಹಳೆಯ ಕಾರನ್ನು ಆಯ್ದುಕೊಳ್ಳಲು ಕಾರಣವಿದೆ. ಕೂಡಿಟ್ಟ ಹಣಕ್ಕೆ ಸಾಲವನ್ನೂ ಸೇರಿಸಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮನೆಗಳು ನಮ್ಮಲ್ಲಿ ಅನೇಕ. ಮಾರುವವರು ಕಾಗದದಲ್ಲಿರುವ ಎಚ್‌ಪಿಯನ್ನು ತೋರಿಸುತ್ತಾರೆ. ರಸ್ತೆಯ ಮೇಲೆ ಸಿಗುವ ಎಚ್‌ಪಿ ಎಷ್ಟು ಎಂದು ಕೇಳಲು ಮಕ್ಕಳಿಗೆ ಬಂದರೆ ಪಾಠ ಮನೆಯವರೆಗೂ ಹೋಗುತ್ತದೆ.

ಕಲಿಕಾ ಉದ್ದೇಶಗಳು

1. ಬಲ, ಶಕ್ತಿ, ಸಾಮರ್ಥ್ಯಗಳ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುವುದು.
2. ವ್ಯಾಟ್ ಮತ್ತು ಅಶ್ವಶಕ್ತಿಗಳ ಸಂಬಂಧವನ್ನು ಬಳಸುವುದು.
3. ಚಲನಶಕ್ತಿಯ ಬದಲಾವಣೆಯಿಂದ ವಾಹನದ ಸಾಮರ್ಥ್ಯವನ್ನು ಅಂದಾಜು ಮಾಡುವುದು.

ತೊಡಗಿಸಿಕೊಳ್ಳುವಿಕೆ

ಜೇಮ್ಸ್ ವ್ಯಾಟ್ ತನ್ನ ಉಗಿಯಂತ್ರವನ್ನು ಕುದುರೆಗಳ ಕೆಲಸದೊಂದಿಗೆ ಹೋಲಿಸಲು ಈ ಮಾನವನ್ನು ಬಳಕೆಗೆ ತಂದನು. ಇಂದಿನ ಲೆಕ್ಕದಲ್ಲಿ 1 ಅಶ್ವಶಕ್ತಿ ಸುಮಾರು 746 ವ್ಯಾಟ್. ಕೆಲವು ಕಾರುಗಳ ವಿವರಪತ್ರದಲ್ಲಿರುವ ‘ಪಿಎಸ್’ ಎಂಬ ಮೆಟ್ರಿಕ್ ಮಾನ ಸುಮಾರು 735.5 ವ್ಯಾಟ್. ಇಷ್ಟು ಹೇಳಿ ಮುಂದೆ ಸಾಗಬೇಕು. ಇತಿಹಾಸಕ್ಕೆ ಮೂರು ನಿಮಿಷ ಸಾಕು.

ಅನ್ವೇಷಿಸುವಿಕೆ

ಶಾಲೆಯ ಮೆಟ್ಟಿಲಿನ ಎತ್ತರವನ್ನು ಟೇಪಿನಿಂದ ಅಳೆಯಿರಿ. 40 ಕೆಜಿ ತೂಗುವ ವಿದ್ಯಾರ್ಥಿ 3 ಮೀಟರ್ ಎತ್ತರವನ್ನು ನಿಧಾನವಾಗಿ 8 ಸೆಕೆಂಡಿನಲ್ಲಿ, ಬಳಿಕ ಬೇಗನೆ 4 ಸೆಕೆಂಡಿನಲ್ಲಿ ಏರಲಿ.

ಎರಡೂ ಸಲ ಕೆಲಸ: 40 × 9.8 × 3 = 1,176 ಜೂಲ್.
8 ಸೆಕೆಂಡಿನಲ್ಲಿ: 147 ವ್ಯಾಟ್, ಅಂದರೆ ಸುಮಾರು 0.2 ಎಚ್‌ಪಿ.
4 ಸೆಕೆಂಡಿನಲ್ಲಿ: 294 ವ್ಯಾಟ್, ಅಂದರೆ ಸುಮಾರು 0.4 ಎಚ್‌ಪಿ.

ಕೆಲಸ ಅಷ್ಟೇ, ಸಾಮರ್ಥ್ಯ ಮಾತ್ರ ಎರಡು ಪಟ್ಟು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲಗಳನ್ನು ಲಾರಿಗೆ ಏರಿಸುವುದನ್ನು ಕಂಡ ಮಕ್ಕಳಿಂದ ಇನ್ನೊಂದು ಉದಾಹರಣೆ ಕೇಳಿ. ‘ಎಷ್ಟು ಚೀಲ’ ಎಂಬುದು ಕೆಲಸದ ಪ್ರಶ್ನೆ. ‘ಎಷ್ಟು ಹೊತ್ತಿನಲ್ಲಿ’ ಎಂಬುದು ಸೇರಿದಾಗ ಸಾಮರ್ಥ್ಯದ ಪ್ರಶ್ನೆ.

ವಿವರಿಸುವಿಕೆ

ಕಾರಿನ ಸಾಮರ್ಥ್ಯವನ್ನು ಡೈನಮೋಮೀಟರ್ ಎಂಬ ಯಂತ್ರದಿಂದ ಅಳೆಯುತ್ತಾರೆ. ಅದಿಲ್ಲದೆಯೂ ಅಂದಾಜು ಮಾಡಬಹುದು. ಕಪ್ಪುಹಲಗೆಯ ಲೆಕ್ಕಕ್ಕೆ, ಚಾಲಕನೂ ಸೇರಿ 800 ಕೆಜಿ ತೂಗುವ ಒಂದು ಹಳೆಯ ಮಾರುತಿ 800 ಎಂದು ಇಟ್ಟುಕೊಳ್ಳೋಣ. ಸಮತಟ್ಟಾದ ರಸ್ತೆಯಲ್ಲಿ, ಒಂದೇ ಗೇರಿನಲ್ಲಿ ಅದರ ಜವ ಗಂಟೆಗೆ 36 ಕಿ.ಮೀ.ನಿಂದ 54 ಕಿ.ಮೀ.ಗೆ, ಅಂದರೆ ಸೆಕೆಂಡಿಗೆ 10 ಮೀಟರಿನಿಂದ 15 ಮೀಟರಿಗೆ, 5 ಸೆಕೆಂಡಿನಲ್ಲಿ ಏರಿತು.

ಚಲನಶಕ್ತಿಯ ಹೆಚ್ಚಳ: ½ × 800 × (225 − 100) = 50,000 ಜೂಲ್.
ಸಾಮರ್ಥ್ಯ: 50,000 ÷ 5 = 10,000 ವ್ಯಾಟ್.

ಇದು ಪೂರ್ಣ ಉತ್ತರವಲ್ಲ. ಗಾಳಿಯ ತಡೆಗೂ ಟೈರುಗಳ ಘರ್ಷಣೆಗೂ ಸ್ವಲ್ಪ ಖರ್ಚಾಗಿದೆ. ಅದನ್ನು ತಿಳಿಯಲು ಅದೇ ಕಾರನ್ನು ನ್ಯೂಟ್ರಲ್‌ಗೆ ತಂದು ಉರುಳಲು ಬಿಟ್ಟಾಗ, ಜವ 54ರಿಂದ 36ಕ್ಕೆ ಇಳಿಯಲು 20 ಸೆಕೆಂಡ್ ಹಿಡಿಯಿತು ಎನ್ನೋಣ. ನಷ್ಟ: 50,000 ÷ 20 = 2,500 ವ್ಯಾಟ್. ಒಟ್ಟು 12,500 ವ್ಯಾಟ್, ಅಂದರೆ ಸುಮಾರು 16.8 ಎಚ್‌ಪಿ.

ಇಲ್ಲಿ ಮಕ್ಕಳು ಕೇಳಲೇಬೇಕಾದ ಪ್ರಶ್ನೆಯಿದೆ. ಎಂಪಿಎಫ್‌ಐ ಮಾರುತಿ 800ರ 796 ಸಿಸಿ ಎಂಜಿನ್ನಿಗೆ ಕಂಪನಿ ಹೇಳಿದ್ದು ಸುಮಾರು 37 ಎಚ್‌ಪಿ. ಹಾಗಾದರೆ ಅರ್ಧಕ್ಕಿಂತ ಹೆಚ್ಚು ಹಾಳಾಗಿದೆಯೇ? ಹಾಗೆ ತೀರ್ಮಾನಿಸಬಾರದು. 37 ಎಂಬುದು ನಿಮಿಷಕ್ಕೆ 5,000 ಸುತ್ತು ತಿರುಗುವಾಗಿನ ಗರಿಷ್ಠ ಸಾಮರ್ಥ್ಯ. ನಮ್ಮದು ಕಡಿಮೆ ಸುತ್ತಿನ ಸರಾಸರಿ. ಜೊತೆಗೆ ಗೇರ್‌ಬಾಕ್ಸಿನ ನಷ್ಟ ಕಳೆದು ಚಕ್ರಕ್ಕೆ ತಲುಪಿದ್ದು. ಆದ್ದರಿಂದ ಈ ಅಂಕಿಯನ್ನು ಕಂಪನಿಯ ಅಂಕಿಯೊಂದಿಗಲ್ಲ, ಅದೇ ಕಾರಿನ ದುರಸ್ತಿಯ ಹಿಂದಿನ ಮತ್ತು ಮುಂದಿನ ಅಂಕಿಗಳೊಂದಿಗೆ ಹೋಲಿಸಬೇಕು. ಗೇರು, ರಸ್ತೆ, ತೂಕ ಒಂದೇ ಇರಬೇಕು. ಎರಡೂ ದಿಕ್ಕಿನಲ್ಲಿ ಓಡಿಸಿ ಸರಾಸರಿ ತೆಗೆದರೆ ಇಳಿಜಾರಿನ ತಪ್ಪು ಕಡಿಮೆಯಾಗುತ್ತದೆ.

ವಿಸ್ತರಿಸುವಿಕೆ

ಎರಡು ಸಮಯಗಳಿಂದ ದೋಷದ ಜಾಗವನ್ನೂ ಊಹಿಸಬಹುದು. ಉರುಳುವ ಕಾರು ಬೇಗನೆ ನಿಧಾನವಾದರೆ, ಹಿಡಿದುಕೊಂಡ ಬ್ರೇಕು, ಗಾಳಿ ಕಡಿಮೆಯಾದ ಟೈರು, ಸವೆದ ಬೇರಿಂಗುಗಳನ್ನು ನೋಡಬೇಕು. ಉರುಳುವುದು ಸರಿಯಿದ್ದು ಜವ ಏರುವುದು ಮಾತ್ರ ತಡವಾದರೆ, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಜಾರುವ ಕ್ಲಚ್, ಸಿಲಿಂಡರಿನ ಕಂಪ್ರೆಶನ್ ಪರೀಕ್ಷಿಸಬೇಕು. ಹಳೆಯ ಕಾರಿನ ಟ್ಯೂನಿಂಗ್ ಎಂದರೆ ಬಹುಪಾಲು ಕಳೆದುಹೋದದ್ದನ್ನು ಮರಳಿ ಪಡೆಯುವುದು. ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ನಿರ್ಬಂಧವಿದೆ ಎಂಬುದನ್ನೂ ತಿಳಿಸಬೇಕು.

ಮೌಲ್ಯಮಾಪನ

1. 5 ಎಚ್‌ಪಿ ಎಂದರೆ ಎಷ್ಟು ವ್ಯಾಟ್? (3,730)
2. ಸರ್ವೀಸ್ ನಂತರ ಮೇಲಿನ ಕಾರು 4 ಸೆಕೆಂಡಿನಲ್ಲಿ ಅದೇ ಜವ ತಲುಪಿತು. ಉರುಳುವ ಸಮಯ ಬದಲಾಗಲಿಲ್ಲ. ಈಗಿನ ಸಾಮರ್ಥ್ಯ? (15,000 ವ್ಯಾಟ್, ಸುಮಾರು 20.1 ಎಚ್‌ಪಿ)
3. ಎಂಜಿನ್ ಮುಟ್ಟದೆ ಟೈರಿಗೆ ಗಾಳಿ ತುಂಬಿ ಬ್ರೇಕು ಸರಿಪಡಿಸಿದಾಗ ಉರುಳುವ ಸಮಯ 25 ಸೆಕೆಂಡ್ ಆಯಿತು. ಜವ ಏರಲು ಈಗ ಎಷ್ಟು ಹೊತ್ತು ಬೇಕು? (ನಷ್ಟ 2,000 ವ್ಯಾಟ್, ಉಳಿದದ್ದು 10,500 ವ್ಯಾಟ್, ಸುಮಾರು 4.8 ಸೆಕೆಂಡ್)

ಮೂರನೆಯದೇ ಈ ಪಾಠದ ನಿಜವಾದ ಪರೀಕ್ಷೆ. ಎಂಜಿನ್ ಬದಲಾಗದೆಯೂ ಕಾರು ಚುರುಕಾಗಬಲ್ಲದು ಎಂದು ಕಾರಣಸಹಿತ ಹೇಳಿದ ವಿದ್ಯಾರ್ಥಿಗೆ ಸಾಮರ್ಥ್ಯದ ಪರಿಕಲ್ಪನೆ ತಿಳಿದಿದೆ ಎನ್ನಬಹುದು.

ಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಕಾರಿನ ಪ್ರಯೋಗವನ್ನು ಮಕ್ಕಳಿಂದ ಮಾಡಿಸಬಾರದು. ಹಾವೇರಿ–ರಾಣೆಬೆನ್ನೂರು ನಡುವಿನ ರಾಷ್ಟ್ರೀಯ ಹೆದ್ದಾರಿಯಂಥ ವಾಹನ ದಟ್ಟಣೆಯ ರಸ್ತೆಯಲ್ಲಿ ಯಾರೂ ಮಾಡಬಾರದು. ತರಗತಿಗೆ ಅಂಕಿಗಳು ಸಾಕು, ಮೈಯಿಂದ ಕಲಿಯಲು ಮೆಟ್ಟಿಲು ಸಾಕು. ಮೆಟ್ಟಿಲು ಏರುವಾಗಲೂ ಆರೋಗ್ಯ ಸರಿಯಿಲ್ಲದ ಮಕ್ಕಳಿಗೆ ಸಮಯ ದಾಖಲಿಸುವ ಕೆಲಸ ಕೊಡಿ. ಮನೆಗೆಲಸವಾಗಿ ಪ್ರತಿಯೊಬ್ಬರೂ ತಮ್ಮ ಮನೆಯ ಅಥವಾ ನೆರೆಯವರ ಒಂದು ಯಂತ್ರದ ಫಲಕದಲ್ಲಿರುವ ಎಚ್‌ಪಿ ಅಥವಾ ಕಿಲೋವ್ಯಾಟ್ ಅಂಕಿಯನ್ನು ಬರೆದು ತರಲಿ. ಮರುದಿನದ ಪಾಠ ಆ ಪಟ್ಟಿಯಿಂದಲೇ ಆರಂಭವಾಗಲಿ.