ಗಾಳಿಯಂತ್ರಕ್ಕೆ ತಾಮ್ರದ ಸುರುಳಿ ಸುತ್ತುವ ಬಗೆ

ಸವದತ್ತಿಯ ಗುಡ್ಡಗಳ ಮೇಲೆ ತಿರುಗುವ ಎತ್ತರದ ಗಾಳಿಯಂತ್ರಗಳನ್ನು ಕಿತ್ತೂರು ನಾಡಿನ ನಮ್ಮ ವಿದ್ಯಾರ್ಥಿನಿಯರಲ್ಲಿ ನೋಡದವರು ವಿರಳ. ಅವುಗಳ ರೆಕ್ಕೆಗಳು ಎಲ್ಲರ ಕಣ್ಣಿಗೂ ಬೀಳುವುವು. ಆದರೆ ಗಾಳಿಯ ಬಲವು ವಿದ್ಯುತ್ತಾಗಿ ಮಾರ್ಪಡುವ ಸ್ಥಳವು ರೆಕ್ಕೆಯಲ್ಲ, ಅದರ ಹಿಂದೆ ಮರೆಯಾಗಿರುವ ತಾಮ್ರದ ಸುರುಳಿ. ಅಂಥ ಮಹಾಯಂತ್ರವನ್ನು ಮನೆಯಲ್ಲಿ ನಿರ್ಮಿಸಲಾಗದು. ಆದರೆ ಅದೇ ತತ್ತ್ವದ ಮೇಲೆ ನಡೆಯುವ ಚಿಕ್ಕ ಯಂತ್ರವನ್ನು ಕೈಯಿಂದಲೇ ಮಾಡಬಹುದು. ಸ್ಕಾಟ್ಲೆಂಡಿನಲ್ಲಿ ರಸ್ತೆಯೇ ಇಲ್ಲದ ಸ್ಕೋರೇಗ್ ಎಂಬ ಹಳ್ಳಿಯಲ್ಲಿ ನೆಲೆಸಿದ ಹ್ಯೂ ಪಿಗಟ್ ಎಂಬವರು ಇದರ ಮಾದರಿಯನ್ನು ರೂಪಿಸಿ, ತಮ್ಮ ಪುಸ್ತಕಗಳ ಮೂಲಕ ಲೋಕಕ್ಕೆ ತಿಳಿಸಿದ್ದಾರೆ. ಅದರ ಸುರುಳಿಗಳನ್ನು ಸುತ್ತಿ ಜೋಡಿಸುವ ಬಗೆಯನ್ನು ಇಲ್ಲಿ ವಿಚಾರಿಸುವೆವು.

ಮೊದಲು ತತ್ತ್ವವನ್ನು ತಿಳಿಯತಕ್ಕದ್ದು. ತಂತಿಯ ಸುರುಳಿಯ ಬಳಿ ಅಯಸ್ಕಾಂತವು ಚಲಿಸಿದರೆ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂದು ೧೮೩೧ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ಕಂಡುಹಿಡಿದನು. ಚಲನೆ ನಿಂತೊಡನೆ ವಿದ್ಯುತ್ತೂ ನಿಲ್ಲುವುದು. ಅಯಸ್ಕಾಂತದ ಬಲ, ಚಲನೆಯ ವೇಗ, ತಂತಿಯ ಸುತ್ತುಗಳ ಸಂಖ್ಯೆ, ಈ ಮೂರರಲ್ಲಿ ಯಾವುದು ಹೆಚ್ಚಿದರೂ ವೋಲ್ಟು ಹೆಚ್ಚುವುದು. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದೂ ಇದೇ ತತ್ತ್ವದಿಂದ. ಅಲ್ಲಿ ತಿರುಗಿಸಿದ್ದು ನೀರು. ಇಲ್ಲಿ ತಿರುಗಿಸುವುದು ಗಾಳಿ.

ನಮ್ಮ ಚಿಕ್ಕ ಯಂತ್ರದಲ್ಲಿ ಎರಡು ಉಕ್ಕಿನ ತಟ್ಟೆಗಳುಂಟು. ಒಂದೊಂದರ ಮೇಲೂ ೧೨ ಅಯಸ್ಕಾಂತಗಳನ್ನು ಉತ್ತರ ಧ್ರುವ, ದಕ್ಷಿಣ ಧ್ರುವ ಎಂದು ಒಂದು ಬಿಟ್ಟು ಒಂದರಂತೆ ಅಂಟಿಸಿರುತ್ತಾರೆ. ತಟ್ಟೆಗಳೆರಡೂ ರೆಕ್ಕೆಗಳೊಡನೆ ತಿರುಗುವುವು. ಅವುಗಳ ನಡುವಿನ ಕಿರಿದಾದ ತೆರವಿನಲ್ಲಿ ೯ ಸುರುಳಿಗಳುಳ್ಳ ಬಿಲ್ಲೆಯೊಂದು ಅಲುಗದೆ ನಿಂತಿರುವುದು.

ರಾಮದುರ್ಗದ ಕಡೆಯ ನೇಕಾರರ ಮನೆಗಳಲ್ಲಿ ಹೆಣ್ಣುಮಕ್ಕಳು ಕಂಡಿಕೆ ಸುತ್ತುವುದನ್ನು ಬಲ್ಲವರಿಗೆ ಸುರುಳಿ ಸುತ್ತುವುದು ತೀರ ಹೊಸ ವಿದ್ಯೆಯಲ್ಲ. ನೂಲು ಸಡಿಲಾದರೆ ಕಂಡಿಕೆ ಕೆಡುವಂತೆ ತಂತಿ ಸಡಿಲಾದರೆ ಸುರುಳಿ ಉಬ್ಬುವುದು. ಉಬ್ಬಿದ ಸುರುಳಿ ಆ ಕಿರಿದಾದ ತೆರವಿನಲ್ಲಿ ಹಿಡಿಸದು. ಆದಕಾರಣ ಎರಡು ಹಲಗೆಗಳ ನಡುವೆ ಅಯಸ್ಕಾಂತದ ಅಳತೆಯ ದಿಮ್ಮಿಯನ್ನಿಟ್ಟು, ಕೈಹಿಡಿಯಿಂದ ತಿರುಗಿಸುವ ಸಾಧನವನ್ನು ಮಾಡಿಕೊಳ್ಳಬೇಕು. ತಂತಿಯು ಎನಾಮೆಲ್ ಬಳಿದ ತಾಮ್ರದ್ದಾಗಿರಬೇಕು. ಆ ತೆಳುವಾದ ಲೇಪವೇ ಒಂದು ಸುತ್ತನ್ನು ಮತ್ತೊಂದರಿಂದ ಬೇರ್ಪಡಿಸುವ ಗೋಡೆ. ಅದು ಕೆರೆದುಹೋಗದಂತೆ ಬಟ್ಟೆಯಲ್ಲಿ ಹಿಡಿದು, ಒಂದೇ ಬಿಗಿಯಲ್ಲಿ ಸುತ್ತತಕ್ಕದ್ದು. ಎಲ್ಲ ಸುರುಳಿಗಳನ್ನೂ ಒಂದೇ ದಿಕ್ಕಿನಲ್ಲಿ ಸುತ್ತಿ, ಆರಂಭದ ತುದಿಗೆ ಕೆಂಪು ದಾರದ ಗುರುತು ಕಟ್ಟಬೇಕು. ಕೊನೆಗೆ ತೂಗಿ ನೋಡಿದರೆ ಒಂಬತ್ತೂ ಸಮತೂಕವಿರಬೇಕು.

ಸುತ್ತುಗಳೆಷ್ಟು? ೨೪ ವೋಲ್ಟಿನ ಬ್ಯಾಟರಿಗೆಂದು ೧.೪ ಮಿ.ಮೀ. ದಪ್ಪದ ತಂತಿಯನ್ನು ೮೦ ಸುತ್ತು ಸುತ್ತಿದೆವೆನ್ನೋಣ. ಅದೇ ಯಂತ್ರವನ್ನು ೪೮ ವೋಲ್ಟಿಗೆ ಒಗ್ಗಿಸಬೇಕಾದರೆ ಸುತ್ತುಗಳು ೧೬೦ ಆಗಬೇಕು. ಆದರೆ ಸ್ಥಳವು ಮೊದಲಿನಷ್ಟೇ. ಆಗ ೧ ಮಿ.ಮೀ. ತಂತಿಯನ್ನು ಬಳಸಬೇಕು, ಏಕೆಂದರೆ ೧.೪ರ ವರ್ಗವು ೧.೯೬, ಒಂದರ ವರ್ಗವು ೧. ತಂತಿಯ ಅಡ್ಡಕೊಯ್ತವು ಸುಮಾರು ಅರ್ಧಕ್ಕಿಳಿದುದರಿಂದ ಇಮ್ಮಡಿ ಸುತ್ತುಗಳು ಅದೇ ಸ್ಥಳದಲ್ಲಿ ಹಿಡಿಸುವುವು.

ಇನ್ನು ಜೋಡಣೆ. ವೃತ್ತವು ೩೬೦ ಅಂಶವಾದುದರಿಂದ ಅಯಸ್ಕಾಂತಗಳು ೩೦ ಅಂಶಕ್ಕೊಂದು, ಸುರುಳಿಗಳು ೪೦ ಅಂಶಕ್ಕೊಂದು ಇರುವುವು. ಈ ವ್ಯತ್ಯಾಸದಿಂದ ಒಂದನೆಯ, ಎರಡನೆಯ, ಮೂರನೆಯ ಸುರುಳಿಗಳಲ್ಲಿ ವಿದ್ಯುತ್ತು ಬೇರೆ ಬೇರೆ ಕ್ಷಣಗಳಲ್ಲಿ ಶಿಖರಕ್ಕೇರುವುದು. ಆದರೆ ೧, ೪, ೭ ಇವುಗಳಿಗೆ ೧೨೦ ಅಂಶಗಳ ಅಂತರ. ಅದು ಸರಿಯಾಗಿ ನಾಲ್ಕು ಅಯಸ್ಕಾಂತಗಳ ದೂರವಾದುದರಿಂದ ಆ ಮೂರರ ಮುಂದೂ ಏಕಕಾಲದಲ್ಲಿ ಒಂದೇ ಧ್ರುವವು ಹಾಯುವುದು. ಆದಕಾರಣ ಅವು ಒಂದು ಗುಂಪು. ೨, ೫, ೮ ಎರಡನೆಯದು. ೩, ೬, ೯ ಮೂರನೆಯದು. ಒಂದರ ಅಂತ್ಯವನ್ನು ನಾಲ್ಕರ ಆರಂಭಕ್ಕೂ ನಾಲ್ಕರ ಅಂತ್ಯವನ್ನು ಏಳರ ಆರಂಭಕ್ಕೂ ಬೆಸೆಯಬೇಕು. ಉಳಿದ ಗುಂಪುಗಳಿಗೂ ಇದೇ ಕ್ರಮ. ೧, ೨, ೩ರ ಆರಂಭಗಳನ್ನು ಒಂದೆಡೆ ಕೂಡಿಸಿ, ೭, ೮, ೯ರ ಅಂತ್ಯಗಳನ್ನು ಹೊರಕ್ಕೆ ತರಬೇಕು. ಬೆಸೆಯುವ ಮುನ್ನ ತುದಿಯ ಎನಾಮೆಲನ್ನು ಪೂರ್ತಿಯಾಗಿ ಕೆರೆಯದಿದ್ದರೆ ಬೆಸುಗೆ ಹಿಡಿಯದು. ಹೊರಬಂದ ಮೂರು ತಂತಿಗಳ ವಿದ್ಯುತ್ತು ಆರು ಡಯೋಡುಗಳನ್ನು ದಾಟಿ ಏಕಮುಖವಾಗಿ ಬ್ಯಾಟರಿಯನ್ನು ಸೇರುವುದು.

ಒಂದು ಸುರುಳಿಯು ತಿರುಗುಮುರುಗಾದರೆ ಏನಾಗುವುದು? ಮೂರರಲ್ಲಿ ಎರಡು ಒಂದನ್ನೊಂದು ಅಳಿಸಿ, ಮೂರು ಪಾಲಿನ ಫಲದಲ್ಲಿ ಒಂದೇ ಪಾಲು ಉಳಿಯುವುದು. ಬಿಲ್ಲೆಯನ್ನು ರೆಸಿನ್ ಸುರಿದು ಗಟ್ಟಿಮಾಡಿದ ಮೇಲೆ ಆ ತಪ್ಪನ್ನು ತಿದ್ದಲಾಗದು. ಆದುದರಿಂದ ಸುರಿಯುವ ಮೊದಲೇ ಪರೀಕ್ಷಿಸಬೇಕು. ಒಂದು ಗುಂಪಿಗೆ ಒಣ ಬ್ಯಾಟರಿಯ ಸೆಲ್ಲನ್ನು ಕ್ಷಣಕಾಲ ಜೋಡಿಸಿ, ದಾರದಿಂದ ಅಡ್ಡಲಾಗಿ ತೂಗುಬಿಟ್ಟ ಚಿಕ್ಕ ದಂಡಾಯಸ್ಕಾಂತವನ್ನು ಪ್ರತಿ ಸುರುಳಿಯ ನಡುವಿನ ಮೇಲೆ ಹಿಡಿಯಬೇಕು. ಮೂರೂ ಸುರುಳಿಗಳು ಅದರ ಒಂದೇ ತುದಿಯನ್ನು ಕೆಳಕ್ಕೆ ಸೆಳೆದರೆ ಜೋಡಣೆ ಸರಿ. ಯಂತ್ರ ಪೂರ್ಣವಾದ ಮೇಲೆ ಮತ್ತೊಂದು ಪರೀಕ್ಷೆಯುಂಟು. ತಂತಿಗಳು ಬಿಡಿಯಾಗಿರುವಾಗ ತಟ್ಟೆಗಳು ಸರಾಗವಾಗಿ ತಿರುಗಬೇಕು. ಬಿಗಿಯೆನಿಸಿದರೆ ಒಳಗೆಲ್ಲೋ ತಂತಿಗಳು ತಾಗಿವೆ. ಎರಡು ತಂತಿಗಳನ್ನು ಕೂಡಿಸಿದರೆ ಬಿಗಿ, ಸಡಿಲು ಎಂದು ಮಿಡಿಯುವುದು. ಮೂರನ್ನೂ ಕೂಡಿಸಿದರೆ ಒಂದೇ ಸಮನೆ ಬಿಗಿಯಾಗುವುದು. ಈ ಬಿಗಿಯೇ ಯಂತ್ರವನ್ನು ನಿಲ್ಲಿಸುವ ಉಪಾಯವೂ ಹೌದು.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಈ ಅಯಸ್ಕಾಂತಗಳು ಬೆರಳನ್ನು ಜಜ್ಜುವಷ್ಟು ಬಲವಾದವು. ಅವನ್ನು ಹಿರಿಯರ ಸಮ್ಮುಖದಲ್ಲಿ, ಒಂದೊಂದಾಗಿ ಹಿಡಿಯಬೇಕು. ಬ್ಯಾಟರಿಯಿಂದ ಬಿಡಿಸಿದ ಯಂತ್ರವು ಬಿರುಗಾಳಿಯಲ್ಲಿ ತಡೆಯಿಲ್ಲದೆ ತಿರುಗಿ, ಪ್ರಾಣಾಪಾಯದ ವೋಲ್ಟನ್ನು ಹುಟ್ಟಿಸಬಲ್ಲದು. ಆಗ ಅದರ ತಂತಿಗಳನ್ನು ಮುಟ್ಟಲೇಬಾರದು.

ಈ ಕೆಲಸಕ್ಕೆ ತೋಳಿನ ಬಲ ಹೆಚ್ಚು ಬೇಡ. ಎಣಿಕೆ ತಪ್ಪದ ಮನಸ್ಸು, ಬಿಗಿ ತಪ್ಪದ ಕೈ, ಮುಚ್ಚುವ ಮೊದಲು ಪರೀಕ್ಷಿಸುವ ತಾಳ್ಮೆ, ಇವು ಬೇಕು. ಅರವತ್ತೆರಡೋ ಅರವತ್ತಮೂರೋ ಎಂಬ ಸಂಶಯ ಬಂದಲ್ಲಿ ಸುತ್ತನ್ನು ಬಿಚ್ಚಿ ಮೊದಲಿನಿಂದ ಎಣಿಸುವವಳ ಯಂತ್ರವೇ ಮಳೆಗಾಲದ ರಾತ್ರಿಯಲ್ಲಿ ದೀಪವನ್ನು ಉರಿಸುವುದು.